ಊಟದ ಗೆಳೆಯ ಬಂದ, ಒಲೆ ಆರಿಸಿ

ಮಾನ್ಯ ವೈನ್ ರುಚಿಪರೀಕ್ಷಕರೇ,

ತಮ್ಮ ಮೂಗಿಗೆ ನೆಗಡಿಯ ನೆರಳೂ ಸೋಕದಿರಲಿ, ತಮ್ಮ ನಾಲಿಗೆ ಸದಾ ಒದ್ದೆಯಾಗಿರಲಿ ಎಂಬ ಹಾರೈಕೆಯೊಂದಿಗೆ, ತಾವು ಪ್ರತಿ ಬುಧವಾರ ಮಧ್ಯಾಹ್ನ ಗ್ಲಾಸು ಹಿಡಿದು ಕೂರುವ ವೈನ್ ಅಂಗಡಿಯ ಗೋಡೆಯಾಚೆ, ಅಕ್ಕ ನಡೆಸುವ ಊಟದ ಮನೆಯಲ್ಲಿ ಈರುಳ್ಳಿ ಹೆಚ್ಚುವ ನಾನು ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ, ತಮ್ಮ ದಯೆಯಿಂದ ಬುಧವಾರಗಳಂದು ಆರಿರುವ ನಮ್ಮ ಒಲೆ ತಿಂಗಳ ಕೊನೆಗೆ ಪೂರ್ತಿಯಾಗಿ ಆರಲಿದೆ.

ತಮ್ಮ ವಾರದ ಅಂಕಣದ ಹಳೆಯ ಓದುಗ ನಾನು. ಮೊದಮೊದಲು ತಾವು ಅಂಗಡಿಯ ಬಿಳಿ ವೈನನ್ನು ಬಾಯಲ್ಲಿ ಮುಕ್ಕಳಿಸಿ, ತೊಟ್ಟಿಗೆ ಉಗುಳಿ, "ಹಸಿರು ಸೇಬು, ನಿಂಬೆ ಸಿಪ್ಪೆ, ಹಿಂದೆಯೇ ಬೆಣ್ಣೆಯಲ್ಲಿ ಹುರಿದ ಬೆಳ್ಳುಳ್ಳಿಯ ಸುಳಿವು, ಕೊನೆಗೆ ಕರಿಮೆಣಸಿನ ಕಚಗುಳಿ, ಊಟದ ಆಪ್ತ ಗೆಳೆಯ" ಎಂದು ಬರೆದಾಗ ನನ್ನ ಎದೆ ಉಬ್ಬಿತ್ತು, ಏಕೆಂದರೆ ಆ ಬೆಳ್ಳುಳ್ಳಿ ಸುಲಿದವನು ನಾನು, ಹುರಿದವಳು ಅಕ್ಕ, ಅದನ್ನು ತಮ್ಮ ಗ್ಲಾಸಿನವರೆಗೆ ತಲುಪಿಸಿದ್ದು ನಡುಗೋಡೆಯ ಗವಾಕ್ಷಿ. ತಮ್ಮನ್ನು ನಂಬಿ ಬಾಟಲಿ ಕೊಂಡೊಯ್ದವರು ಮನೆಯಲ್ಲಿ ಮೂಸಿ ಮೂಸಿ, ಬೆಳ್ಳುಳ್ಳಿ ಸಿಗದೆ, ತಂತಮ್ಮ ಮೂಗನ್ನೇ ಬೈದುಕೊಂಡರಂತೆ. ಬಾಯಿಗಿಟ್ಟದ್ದನ್ನು ಉಗುಳಿದವರು ಅದನ್ನು ಹೊಗಳುತ್ತಿದ್ದಾರೆಂದು ನಮ್ಮ ಊಟದ ಮನೆಯಲ್ಲಿ ಯಾರೂ ತಿಳಿಯುವುದಿಲ್ಲವಾದರೂ, ದೊಡ್ಡವರ ರೀತಿಯೇ ಬೇರೆ ಎಂದುಕೊಂಡೆವು.

ಆಮೇಲೊಂದು ಬುಧವಾರ ಅಕ್ಕ ಒಣಮೆಣಸಿನಕಾಯಿ ಹುರಿದಳು. ತಾವು ಕೆಮ್ಮಿ, ಸೀನಿ, ಕಣ್ಣೊರೆಸಿಕೊಂಡು, ಕಡೆಗೂ ಗವಾಕ್ಷಿಯನ್ನು ಕಂಡುಹಿಡಿದಿರಿ. ಎರಡೂ ಮಳಿಗೆಗಳ ಯಜಮಾನರು ಒಬ್ಬರೇ ಆದ್ದರಿಂದ ತಮಗೆ ಹೆಚ್ಚು ಓಡಾಟವಾಗಲಿಲ್ಲ. ಈ ಅಡುಗೆಮನೆ ಇರುವ ತನಕ ತಮ್ಮ ಮೂಗು ಕೆಲಸ ಮಾಡದು ಎಂದಿರಿ, ಅವರು ಬಂದು, "ಅಕ್ಕಾ, ಬುಧವಾರ ಒಲೆ ಹಚ್ಬೇಡಿ, ತಿಂಗಳ ಕೊನೆಗೆ ಬೇರೆ ಜಾಗ ನೋಡ್ಕೊಳ್ಳಿ" ಎಂದರು. ಗಂಡ ಬಿಟ್ಟುಹೋದ ಮೇಲೆ ಇದೇ ಒಲೆಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವ ಅಕ್ಕ ಅವತ್ತು ತೊಳೆದ ಬಾಣಲೆಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡೆ. ಉಗುಳುವ ಅಭ್ಯಾಸ ನಮಗಿಲ್ಲ.

ಒಲೆ ಆರಿದ್ದೇ ತಡ, ಅದೇ ವೈನಿನಲ್ಲಿ ತಮಗೆ ಒಂದು ವಾರ ಒದ್ದೆ ಕಲ್ಲು ಸಿಕ್ಕಿತು, ಮರುವಾರ ಸುಣ್ಣದ ಬಂಡೆ, ಅದರ ಮರುವಾರ ಬೆಣಚುಕಲ್ಲಿನ ಮೊನಚು. ಇದಕ್ಕೆ ಖನಿಜ ಗುಣ ಎನ್ನುತ್ತಾರಂತೆ. ಕಲ್ಲು ನೆಕ್ಕಿ ಬಲ್ಲವರಿಗೆ ಎದುರಾಡುವ ಯೋಗ್ಯತೆ ನನಗೆಲ್ಲಿ ಬರಬೇಕು. ನಮ್ಮಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕರೆ ಗಿರಾಕಿ ತಟ್ಟೆ ತಳ್ಳಿ ಏಳುತ್ತಾನೆ, ತಮ್ಮಲ್ಲಿ ಅಂಕಣ ಬರೆಯುತ್ತಾರೆ. ಇಷ್ಟಾದರೂ "ಊಟದ ಆಪ್ತ ಗೆಳೆಯ" ಎಂಬ ಕೊನೆಯ ಸಾಲನ್ನು ಮಾತ್ರ ತಾವು ಕೈಬಿಟ್ಟಿಲ್ಲ. ಊಟದ ವಾಸನೆ ಬಡಿದರೆ ಕೆಡುವ, ಅಡುಗೆಯವಳನ್ನು ಬೀದಿಗೆ ಹಾಕಿದ ಮೇಲೆಯೇ ಬಾಯಿ ಬಿಡುವ ಇಂಥ ಗೆಳೆಯನನ್ನು ನಾವು ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತೇವೆ.

ಆದ್ದರಿಂದ, ವಾಸನೆ ಬಾರದಂತೆ ಹುರಿಸಿಕೊಳ್ಳುವ ವಿದ್ಯೆಯನ್ನು ತಾವೇ ಖುದ್ದಾಗಿ ಬೆಳ್ಳುಳ್ಳಿಗೆ ಕಲಿಸಬೇಕೆಂದೂ, ಎದುರಿನ ಗ್ಯಾರೇಜಿನವರಿಗೂ ಹೊಲಿಗೆ ಕಾರ್ಖಾನೆಯ ಹೆಂಗಸರಿಗೂ ಬುಧವಾರ ಮಧ್ಯಾಹ್ನ ಹಸಿವಾಗಕೂಡದೆಂದು ಅಪ್ಪಣೆ ಹೊರಡಿಸಬೇಕೆಂದೂ, ಅದಾಗದಿದ್ದರೆ ತಮ್ಮ ಊಟದ ಗೆಳೆಯನನ್ನು ಒಂದು ದಿನ ನಮ್ಮಲ್ಲಿ ಪಾತ್ರೆ ತಿಕ್ಕುವುದಕ್ಕಾದರೂ ಕಳಿಸಿಕೊಡಬೇಕೆಂದೂ ಪ್ರಾರ್ಥನೆ.

ಇಂತಿ, ಮೂಗು ಮುಚ್ಚಿಕೊಂಡಿರುವ
ತಮ್ಮ ವಿಶ್ವಾಸಿ,
ಗವಾಕ್ಷಿಯ ಈಚೆಯವನು

ತಾಜಾ ಕಲಂ: ಈ ಪತ್ರ ಮುಗಿಸುವಷ್ಟರಲ್ಲಿ ಯಜಮಾನರೇ ಹಿಂಬಾಗಿಲಿನಿಂದ ಬಂದರು. ತಾವು ಕಲ್ಲಿನ ರುಚಿ ಎಂದು ಬರೆದ ಮೇಲೆ ಒಂದು ಬಾಟಲಿಯೂ ಮಾರಾಟವಾಗುತ್ತಿಲ್ಲವಂತೆ. "ಅಕ್ಕಾ, ಜಾಗ ಬಿಡೋ ಮಾತು ಮರ್ತುಬಿಡಿ. ಬುಧವಾರ ಅವರು ಬಂದಾಗ ಏನಾದ್ರೂ ಹುರೀರಿ, ಗವಾಕ್ಷಿ ತೆರೆದೇ ಇಡಿಸ್ತೀನಿ" ಎಂದು ಕೈಮುಗಿದರು. ಅಕ್ಕ ಒಪ್ಪಿದ್ದಾಳೆ. ಬೆಳ್ಳುಳ್ಳಿ ಮುಗಿದಿರುವುದರಿಂದ ಬರುವ ಬುಧವಾರ ಒಣಮೀನು ಹುರಿಯುತ್ತಾಳಂತೆ. ಅದಕ್ಕೆ ಯಾವ ಹಣ್ಣಿನ ಹೆಸರಿಡುವುದೆಂದು ತಾವು ಈಗಲೇ ಯೋಚಿಸಿಟ್ಟುಕೊಂಡರೆ ಒಳ್ಳೆಯದು.