ಮಾಡದ ನೊರೆಗೆ ಮರುಪರೀಕ್ಷೆ ಕೋರಿ

ಇಂದ:
ಕೆಮಿಸ್ಟ್, ಎರಡನೇ ಬೆಂಚು,
ಪೇಂಟ್ ಕಾರ್ಖಾನೆಯ ಪ್ರಯೋಗಾಲಯ

ಗೆ:
ಪ್ರಯೋಗಾಲಯದ ಮುಖ್ಯಸ್ಥರು,
ಗಾಜಿನ ಕೋಣೆ

ವಿಷಯ: ತಾನು ಮಾಡದ ನೊರೆಗೆ ಶಿಕ್ಷೆ ಅನುಭವಿಸುತ್ತಿರುವ ಸೋಪಿನ ಬಗ್ಗೆ.

ಉಲ್ಲೇಖ: ಬುಧವಾರ ತಾವು ಕೆಂಪು ಪೆನ್ನಿನಲ್ಲಿ ಬರೆದ “ಈ ಕೆಲಸ ಕೈಬಿಡಿ” ಎಂಬ ಟಿಪ್ಪಣಿ.

ಮಾನ್ಯರೇ,

ಅರ್ಜಿದಾರನು ತಲೆ ತಗ್ಗಿಸಿ, ಆದರೆ ತಪ್ಪೊಪ್ಪಿಕೊಳ್ಳದೆ, ನಿವೇದಿಸಿಕೊಳ್ಳುವುದೇನೆಂದರೆ:

೧. ಪೇಂಟಿನ ಹನಿಗಳು ಗಡ್ಡೆಕಟ್ಟದಿರಲೆಂದು ಸೋಪು ಸೇರಿಸುವುದು ವಾಡಿಕೆ. ಮಾಮೂಲಿ ಸೋಪು ಕೆಲಸ ಮುಗಿದರೂ ಜಾಗ ಖಾಲಿ ಮಾಡದ ನೆಂಟನಂತೆ ಒಳಗೇ ಕುಳಿತಿದ್ದು, ಗೋಡೆ ನೆನೆದ ದಿನ ಹೊರಬಂದು ಮಾನ ಕಳೆಯುತ್ತದೆ. ಅರ್ಜಿದಾರನು ಎರಡು ವರ್ಷ ಹೆಣಗಿ ತಯಾರಿಸಿದ ಸೋಪು ಪೇಂಟಿನ ಪಾಲಿಮರಿನೊಂದಿಗೇ ಬೆಸೆದುಕೊಂಡು ಬಿಡುತ್ತದೆ. ಆದಕಾರಣ, ಒಣಗಿದ ಪೇಂಟಿನ ಹಾಳೆಯನ್ನು ನೀರಿನ ಬಾಟಲಿಯಲ್ಲಿ ನೆನೆಸಿ ಕುಲುಕಿದರೆ ನೊರೆ ಬರಬಾರದು.

೨. ಬುಧವಾರ ತಮ್ಮ ಸಮ್ಮುಖದಲ್ಲಿ ಕುಲುಕಲಾಗಿ, ನೊರೆ ಮುಚ್ಚಳದವರೆಗೆ ಬಂದಿತು.

೩. ಸದರಿ ಬಾಟಲಿ ತೊಳೆದವರು ಅರ್ಜಿದಾರನ ಸೋದರತ್ತೆ. ಮೂವತ್ತು ವರ್ಷಗಳಿಂದ ಇಲ್ಲಿ ಗಾಜು ತೊಳೆಯುತ್ತಿರುವ ಇವರೇ ಅರ್ಜಿದಾರನನ್ನು ಸಾಕಿ, ಓದಿಸಿ, ಈ ಬೆಂಚಿನವರೆಗೆ ತಂದವರು. ತೊಳೆಯುವ ಸೋಪು ಉಳಿಯದಂತೆ ಪ್ರತಿ ಬಾಟಲಿಯನ್ನೂ ಏಳು ನೀರಿನಲ್ಲಿ ಜಾಲಿಸುವುದು ನಿಯಮ. ಅಂದು ಮಾತ್ರ ಒಂದೇ ನೀರು. ವಿಚಾರಿಸಲಾಗಿ, “ಸಾಹೇಬ್ರು ಬರೋ ದಿನ ಬಾಟ್ಲಿ ಘಮಘಮ ಅನ್ಬೇಡ್ವೇನೋ? ಏಳು ಸಲ ಜಾಲಿಸಿದ್ರೆ ವಾಸನೆ ಎಲ್ಲುಳಿಯುತ್ತೆ?” ಎಂದರು.

೪. ತಾವು ಬಾಟಲಿ ಮೂಸಿ, ನಿಂಬೆಯ ವಾಸನೆ ಚೆನ್ನಾಗಿದೆ ಎಂದಿದ್ದನ್ನು ಇಲ್ಲಿ ಸ್ಮರಿಸಬಹುದು. ಅತ್ತೆಯವರು ಅದನ್ನು ಇಡೀ ಬೀದಿಗೆ ಹೇಳಿಕೊಂಡು ಬಂದಿರುತ್ತಾರೆ. ಹಿಗ್ಗಿದ ಆ ಮುಖ ನೋಡಿ ಅರ್ಜಿದಾರನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಹಾಗೆಂದು ಎರಡು ವರ್ಷದ ಕೆಲಸ ಕೈಬಿಡಲು ಮನಸ್ಸೂ ಬರುತ್ತಿಲ್ಲ.

ಆದ್ದರಿಂದ, ಮರುಪರೀಕ್ಷೆಗೆ ಅನುಮತಿ ನೀಡಬೇಕೆಂದೂ, ಏಳು ನೀರಿನ ನಿಯಮವನ್ನು ತಮ್ಮ ಸಹಿಯಲ್ಲೇ ಸುತ್ತೋಲೆಯಾಗಿ ಹೊರಡಿಸಬೇಕೆಂದೂ, ಅದರಲ್ಲಿ ನೊರೆ, ನಿಂಬೆ, ಅರ್ಜಿದಾರ ಈ ಮೂರರ ಪ್ರಸ್ತಾಪವೂ ಬಾರದಂತೆ ನೋಡಿಕೊಳ್ಳಬೇಕೆಂದೂ ಕೋರಿಕೆ. ಅತ್ತೆಯವರು ನೊಂದುಕೊಂಡರೆ ಅರ್ಜಿದಾರನಿಗೆ ತಡೆಯಲಾಗದು.

ತಮ್ಮ ವಿಶ್ವಾಸಿ ಹಾಗೂ ಅವರ ಸೋದರಳಿಯ,
(ಸಹಿ)

ಲಗತ್ತುಗಳು:

೧. ಒಣಗಿದ ಪೇಂಟಿನ ಹಾಳೆ, ಒಂದು.

೨. ಅತ್ತೆಯವರು ಊಟಕ್ಕೆ ಹೋದಾಗ ಅರ್ಜಿದಾರನೇ ಕದ್ದು ಏಳು ಸಲ ಜಾಲಿಸಿದ ಬಾಟಲಿಯಲ್ಲಿ ನಡೆಸಿದ ಪರೀಕ್ಷೆಯ ವರದಿ: ನೊರೆ ಇಲ್ಲ.

೩. ಸಾಕ್ಷಿಗೆಂದು ನೊರೆ ಸಮೇತ ಎತ್ತಿಟ್ಟಿದ್ದ ಬುಧವಾರದ ಬಾಟಲಿ. ಲಗತ್ತಿಸಲು ಹೊರಟಾಗ ಅತ್ತೆಯವರು, “ಸಾಹೇಬ್ರಿಗೆ ಇಂಥ ಗಲೀಜು ಬಾಟ್ಲಿ ಕೊಡ್ತಾರೇನೋ?” ಎಂದು ಕಿತ್ತುಕೊಂಡು ತೊಳೆದುಕೊಟ್ಟಿದ್ದಾರೆ. ಒಂದೇ ನೀರು. ಒಳಗೆ ಪೇಂಟಿಲ್ಲ, ಅರ್ಜಿದಾರನ ಸೋಪೂ ಇಲ್ಲ. ಅವರು ಎದುರಿಗಿಲ್ಲದಾಗ ದಯಮಾಡಿ ಬರೀ ನೀರು ಹಾಕಿ ಕುಲುಕುವುದು.