ನಮ್ಮ ಪಡಸಾಲೆಯ ಪಲಟಣ

ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಮನೆಯಲ್ಲಿ ಒಂದು ಪಲಟಣವನ್ನೇ ಸಾಕಿದ್ದಳು ಅಂದರೆ ನೀವು ನಂಬಲಿಕ್ಕಿಲ್ಲ. ಅಣ್ಣಿಗೇರಿಯ ನಮ್ಮ ಪಡಸಾಲೆಯಲ್ಲಿ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿಕೊಂಡು, ಅದರ ಮೇಲೆ ಗುಡ್ಡ, ಕಣಿವೆ, ಡೇರೆ, ಬೆರಳುದ್ದದ ಮಣ್ಣಿನ ಸಿಪಾಯಿಗಳನ್ನು ಹೂಡಿದ್ದಳು. ಬೆಂಕಿಪೊಟ್ಟಣದ ಲಾರಿಗೆ ಅಂಗಿಯ ಗುಂಡಿಗಳೇ ಗಾಲಿ. ಆ ಕಾಲದಲ್ಲಿ ನನ್ನ ಗಂಡ ಯಾಕೆ ಸದಾ ಎದೆ ತೆರೆದುಕೊಂಡು ಓಡಾಡುತ್ತಿದ್ದರು ಅನ್ನುವುದು ಈಗ ತಿಳಿಯಿತಲ್ಲ?

ಇದು ಎಂಬತ್ತರ ದಶಕದ ಮಾತು. ಮೈದುನ ಮಿಲಿಟರಿಯಲ್ಲಿದ್ದ, ಎಲ್ಲೋ ಹಿಮದ ಗುಡ್ಡಗಳ ಕಡೆ. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಮಾತನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತಿದ್ದ.

“ಅಲ್ಲಿ ಹೆಂಗೈತ್ರಿ?” ಅಂತ ಇವಳು ಕೇಳಬೇಕು.

“ಆರಾಮೈತಿ.”

“ದಿನಾ ಏನ್ ಮಾಡ್ತೀರಿ?”

“ಡ್ಯೂಟಿ.”

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅದು ಯಾವ ಬಾವಿಯ ನೀರು ಕುಡಿದು ಬೆಳೆದಿದೆ ಎಂದು ವಿಚಾರಿಸುವ ಹೆಂಗಸಿಗೆ ಇಂಥ ಗಂಡ! ಅವನು ಹೇಳದಿದ್ದರೆ ಬಿಡಲಿ, ತಾನೇ ಮಾಡಿ ನೋಡಿದರಾಯಿತು ಅಂತ ಎರೆಮಣ್ಣು ಕಲಸಿಕೊಂಡು ಕೂತಳು.

ನಮ್ಮ ಅತ್ತೆ ಬತ್ತಿ ಹೊಸೆಯಲು ತೆಗೆದಿಟ್ಟಿದ್ದ ಹತ್ತಿ ಒಂದು ಮುಂಜಾನೆ ಕಾಣೆಯಾಗಿತ್ತು.

“ಹತ್ತಿ ಎಲ್ಲಿ ಹೋತವಾ?”

“ಹಿಮ ಬಿತ್ರಿ ಅತ್ತಿ,” ಅಂದಳು ನೆಗೆಣ್ಣಿ.

ಅತ್ತೆ ಪಡಸಾಲೆಗೆ ಬಂದು ನೋಡಿದರು. ಗುಡ್ಡಗಳೆಲ್ಲ ಬೆಳ್ಳಗಾಗಿದ್ದವು. ಮಗ ಇರುವ ಜಾಗ ಅಂತ ಬೈಯಲೂ ಆಗಲಿಲ್ಲ. ಅವತ್ತು ದೇವರು ಹಳೆಯ ಬತ್ತಿಯಲ್ಲೇ ಸುಧಾರಿಸಿಕೊಂಡ.

ಇನ್ನೊಮ್ಮೆ ಶಲವಡಿಯ ಬಳಗದವರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಇಬ್ಬರೂ ಬಸ್ಸು ಹತ್ತಿದೆವು. ಕಂಡಕ್ಟರ್ ಮಿಲಿಟರಿಯಿಂದ ನಿವೃತ್ತನಾಗಿ ಬಂದವನು ಅಂತ ಇವಳಿಗೆ ಹೇಗೋ ಗೊತ್ತಾಯಿತು.

“ಅಣ್ಣಾರ, ಟ್ಯಾಂಕ್ ಹಿಂದಕೂ ಹೋಗ್ತೈತೇನ್ರಿ?”

ಪಾಪ, ಆತನನ್ನೂ ಯಾರೂ ಇಂಥದನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಬಾಜುವಿಗೇ ಕೂತುಬಿಟ್ಟ. ಸುಳ್ಳೇಕೆ ಹೇಳಲಿ, ನಾನೂ ಬಾಯಿ ತೆರೆದುಕೊಂಡೇ ಕೇಳಿದೆ. ಶಲವಡಿ ದಾಟಿದ್ದೇ ತಿಳಿಯಲಿಲ್ಲ, ಇಳಿದಾಗ ನವಲಗುಂದ ಬಂದಿತ್ತು. ತಿರುಗಿ ಶಲವಡಿ ಮುಟ್ಟುವಾಗ ಕೂಸಿಗೆ ಹೆಸರಿಟ್ಟು, ಉಂಡು, ಮಂದಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

“ಹೋಗ್ಲಿ ಬಿಡ್ರಿ ಅಕ್ಕಾರ,” ಅಂದಳು ಇವಳು, “ಹಿಂದಕೂ ಹೋಗ್ತೈತಂತ.”

ಸುದ್ದಿ ಹೈಸ್ಕೂಲಿನ ತನಕ ಹೋಯಿತು. ಹುಡುಗರು ಸೈನಿಕರ ಮಾದರಿಗಳನ್ನು ಮಾಡುವ ಸ್ಪರ್ಧೆಗೆ ಹೆಡ್ ಮಾಸ್ತರರು ಇವಳನ್ನೇ ತೀರ್ಪು ಕೊಡಲು ಕರೆದರು. ಒಂದು ಮಾದರಿಯಲ್ಲಿ ತೋಪಿನ ಬಾಯಲ್ಲಿ ಕೆಂಪು ಬಲ್ಬು ಹತ್ತಿ ಆರುತ್ತಿತ್ತು. ಬಹುಮಾನ ಅದಕ್ಕೇ ಅಂತ ಎಲ್ಲರೂ ನಿರ್ಧರಿಸಿಯಾಗಿತ್ತು. ಇವಳು ಅದರ ಸುತ್ತ ತಿರುಗಿ, ಬಗ್ಗಿ ನೋಡಿ, “ಇಷ್ಟು ಮಂದಿ ಮಲಕೊಳ್ಳೂದು ಎಲ್ಲಿ?” ಅಂದಳು.

ಮೊದಲ ಬಹುಮಾನ ಮೂಲೆಯಲ್ಲಿದ್ದ ಸಣ್ಣ ಹಲಗೆಗೆ ಹೋಯಿತು. ಅದರಲ್ಲಿ ಮೂರು ಸಿಪಾಯಿಗಳು ಬೂಟು ಬಿಚ್ಚಿಟ್ಟು, ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಅಷ್ಟೇ.

ಹೆಡ್ ಮಾಸ್ತರರು ಮೆಲ್ಲಗೆ ಕೇಳಿದರು. “ತಂಗೀ, ಇದರಾಗ ಯುದ್ಧ ಎಲ್ಲೈತಿ?”

“ಮುಗದೈತ್ರಿ ಸರ.”

ಆ ವರ್ಷ ಮೈದುನ ರಜೆಗೆ ಬಂದ. ಹಿಂದಿನ ರಜೆಯಲ್ಲಿ ಈ ಪಲಟಣ ಇನ್ನೂ ಹುಟ್ಟಿರಲಿಲ್ಲ. ನಗುತ್ತಾನೋ, ಸಿಟ್ಟಾಗುತ್ತಾನೋ? ನೆಗೆಣ್ಣಿ ನೀರಿನ ತಂಬಿಗೆ ಹಿಡಿದು ಬಾಗಿಲ ಹತ್ತಿರವೇ ನಿಂತಳು, ಮುಂದೆ ಬರಲಿಲ್ಲ. ಅವನು ಟ್ರಂಕು ಇಳಿಸಿ ಪಲಟಣವನ್ನು ನೋಡಿದ. ಆಮೇಲೆ ಬೂಟು ಕೂಡ ಬಿಚ್ಚದೆ ನೆಲದ ಮೇಲೆ ಕೂತ.

“ಡೇರೆ ಇಷ್ಟ ಹತ್ತರ ಹತ್ತರ ಹಾಕಂಗಿಲ್ಲ,” ಅಂದ.

“ಯಾಕ್ರಿ?”

“ಗಾಳಿ ಈ ಕಡೆಯಿಂದ ಬರ್ತೈತಿ.” ಎರಡು ಡೇರೆ ಎತ್ತಿ ಗುಡ್ಡದ ಮರೆಗೆ ಇಟ್ಟ.

ಮದುವೆಯಾದಾಗಿನಿಂದ ಅವನ ಬಾಯಿಂದ ಅಷ್ಟುದ್ದದ ಮಾತು ನಾವು ಕೇಳಿದ್ದೇ ಇಲ್ಲ. ಅಲ್ಲಿಂದ ದಿನಾ ಚಹಾ ಕುಡಿಯುತ್ತ ಇಬ್ಬರೂ ಆ ಪಲಟಣದ ಮುಂದೆ ಕೂರತೊಡಗಿದರು. ಇವಳು ಕೇಳುವಳು, ಅವನು ಹೇಳುವನು. ಒಳಗೆ ಅತ್ತೆ ಹಿಟ್ಟು ನಾದುವುದನ್ನು ಬಿಟ್ಟು ಕಿವಿಗೊಡುವರು.

ಹೊರಡುವ ದಿನ ಇವಳು ಕೊನೆಯ ಪ್ರಶ್ನೆ ಕೇಳಿದಳು. “ಇದರಾಗ ನೀವು ಎಲ್ಲಿ ನಿಂದರ್ತೀರಿ?”

ಅವನು ಎತ್ತರದ ತುದಿಯಲ್ಲಿ ಒಂಟಿಯಾಗಿ ನಿಂತಿದ್ದ ಸಿಪಾಯಿಯನ್ನು ಎತ್ತಿ, ಕೆಳಗೆ ಅಡಿಗೆಯ ಡೇರೆಯ ಮಗ್ಗುಲಿಗೆ ಇಟ್ಟ.

“ಇಲ್ಲೆ. ಬೆಚ್ಚಗಿರ್ತೈತಿ.”

“ಹೌದೇನ್ರಿ,” ಅಂದಳು. ಮತ್ತೇನೂ ಕೇಳಲಿಲ್ಲ.

ಗಾಡಿ ಹತ್ತಿಸಿ ಮನೆಗೆ ಬಂದೆವು. ನಾನು ಕೈಕಾಲು ತೊಳೆದು ಪಡಸಾಲೆಗೆ ಬರುವಷ್ಟರಲ್ಲಿ ಅವಳು ಆ ಸಿಪಾಯಿಯನ್ನು ಮತ್ತೆ ತುದಿಗೆ ಏರಿಸಿಯಾಗಿತ್ತು.

“ಯಾಕವಾ? ಆತ ಕೆಳಗ ಇರ್ತೇನಿ ಅಂದನಲ್ಲ?”

“ನನ್ನ ಸಲುವಾಗಿ ಅಂದ್ರು, ಅಕ್ಕಾರ.”

ತುದಿಯ ಸಿಪಾಯಿಯ ಪಕ್ಕದಲ್ಲಿ ಬೆರಳಿನಿಂದ ಒತ್ತಿ ಸ್ವಲ್ಪ ಜಾಗ ಮಾಡಿದಳು. ಅಂಗೈಯಲ್ಲಿದ್ದ ಇನ್ನೊಬ್ಬ ಸಿಪಾಯಿಯನ್ನು ತಂದು, ಭುಜಕ್ಕೆ ಭುಜ ಹತ್ತುವ ಹಾಗೆ ನಿಲ್ಲಿಸಿದಳು.