ಮಹಾರಾಣಿಯ ನಾಲಿಗೆ

ಬಹಳ ಹಿಂದೆ, ಅಂದರೆ ಈ ಪತ್ರಿಕೆ ಓದುವ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿಲ್ಲದಷ್ಟು ಹಿಂದೆ, ಸಿಹಿಗೆರೆ ಎಂಬ ರಾಜ್ಯವಿತ್ತು. ಅಲ್ಲಿನ ಶ್ರೀಮನ್ಮಹಾರಾಜ ಪ್ರಚಂಡಕೇಸರಿಯವರು ಕಡಲಾಚೆಯಿಂದ ಲಿವಿನಾ ಎಂಬ ಕನ್ಯೆಯನ್ನು ವರಿಸಿ ತಂದರು. ಆಕೆಗೆ ಲಾವಣ್ಯಾಂಬೆ ಎಂಬ ಹೆಸರಿಟ್ಟು, ಹದಿನೆಂಟು ಮೊಳದ ಸೀರೆ ಉಡಿಸಲಾಯಿತು. ಆಕೆ ಎರಡನ್ನೂ ಎಡವದೆ ನಿಭಾಯಿಸಿದರು.

ಆ ರಾಜ್ಯದಲ್ಲೊಂದು ಸಂಪ್ರದಾಯ. ಪ್ರತಿ ಯುಗಾದಿಯ ಮರುದಿನ ರಾಣಿಯಾದವಳು ಊರ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದು 'ಸಿಹಿ' ಎನ್ನಬೇಕು. ಆಮೇಲೆ ಪ್ರಜೆಗಳು ವರ್ಷವಿಡೀ ಅದನ್ನೇ ಕುಡಿಯಬೇಕು. ಮಹಾರಾಜರ ಚಿಕ್ಕಪ್ಪನವರ ಬಣ್ಣದ ಕಾರ್ಖಾನೆಯ ಕೊಳವೆ ಅದೇ ಕೆರೆಗೆ ಬೀಳುತ್ತಿತ್ತು ಎಂಬುದು ಇಲ್ಲಿ ಅಪ್ರಸ್ತುತ.

ಲಾವಣ್ಯಾಂಬೆ ಕುಡಿದರು. ಮುಖ ಕಿವುಚಿ, "ಕಹಿ ಇದೆ. ಇದನ್ನು ಕುಡಿದರೆ ಜನ ಸಾಯುತ್ತಾರೆ," ಎಂದುಬಿಟ್ಟರು.

ಸಭೆ ಗರ ಬಡಿದಂತೆ ಕೂತಿತು. ಮಹಾಮಾತ್ಯ ಶೂರಪಯ್ಯನವರೇ ಮೊದಲು ಚೇತರಿಸಿಕೊಂಡರು. "ಪ್ರಭು, ಕೆರೆಯಲ್ಲಿ ದೋಷವಿಲ್ಲ. ನಾಲಿಗೆ ಆಮದಾದದ್ದು. ಕಾಲಾವಕಾಶ ಕೊಟ್ಟರೆ ದೇಶೀಕರಣ ಮಾಡಬಹುದು."

"ಎಂಥ ದೂರದೃಷ್ಟಿ!" ಎಂದು ಆಸ್ಥಾನ ಉದ್ಗರಿಸಿತು. ಕೂಡಲೇ ಜಿಹ್ವಾ ದೇಶೀಕರಣ ಆಯೋಗ ರಚನೆಯಾಯಿತು.

ಆ ಸಂಜೆ ರಾಣಿ ತಮ್ಮ ಪರಿಚಾರಕಿ ಪುಟ್ಟೀರಮ್ಮನನ್ನು ಕರೆದರು. ಏಳು ತಲೆಮಾರಿನಿಂದ ಕೆರೆಯ ದಂಡೆಯಲ್ಲೇ ಇದ್ದ ಮನೆತನದವಳು ಆಕೆ.

"ನೀರು ನಿನಗೆ ಹೇಗನ್ನಿಸುತ್ತೆ? ನಿಜ ಹೇಳು."

"ಕಹೀನೇ ಕಣವ್ವ. ನಮ್ ಸೊಸೆಗೆ ಎರಡು ಸಲ ಬಸ್ರು ನಿಲ್ನಿಲ್ಲ, ಆ ನೀರಿಂದ್ಲೇಯ. ನಮ್ ಮಾತ್ ಯಾರ್ ಕೇಳ್ತಾರೆ? ನೀವ್ ಹೇಳುದ್ರಲ್ಲ, ಹಂಗೇ ಹೇಳ್ತಾ ಇರಿ."

ರಾಣಿ ಆಕೆಯ ಕೈ ಹಿಡಿದು ಅತ್ತರು. ಹಾಗೇ ಹೇಳುತ್ತೇನೆಂದು ಮಾತು ಕೊಟ್ಟರು. ಮನಸಾರೆ ಕೊಟ್ಟರು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಎರಡನೇ ವರ್ಷವೂ 'ಕಹಿ' ಎಂದರು. "ವಿದೇಶಿ, ವಿದೇಶಿ" ಎಂದು ಜನ ಕೂಗಿದರು. ಕೂಗಿದವರ ಕೈಯಲ್ಲೆಲ್ಲ ಆಯೋಗ ಹಂಚಿದ ಬಾವುಟವಿತ್ತು. ಅಷ್ಟರಲ್ಲಿ ಯುವರಾಜನ ಜನನವಾಯಿತು. ಮಹಾರಾಜರು ತೊಟ್ಟಿಲು ತೂಗುತ್ತಾ, "ತಾಯಿ ವಿದೇಶಿಯಾಗೇ ಉಳಿದರೆ ಇವನಿಗೆ ಪಟ್ಟ ಕಟ್ಟುವವರಾರು, ಯೋಚಿಸಿ," ಎಂದರು. ರಾಣಿ ಯೋಚಿಸಿದರು. ಮೂರನೇ ವರ್ಷ ಬೊಗಸೆ ಎತ್ತಿ, ಕಣ್ಣು ಮುಚ್ಚಿ ನುಂಗಿ, "ಸಿಹಿ" ಎಂದರು.

ನಗಾರಿ ಮೊಳಗಿತು. 'ಮಣ್ಣಿನ ಮಗಳು' ಎಂಬ ಬಿರುದು, ಆಯೋಗದ ಅಧ್ಯಕ್ಷಗಿರಿ ಎರಡೂ ಅದೇ ದಿನ ಬಂದವು. ಅರಮನೆಗೆ ಕುಡಿಯುವ ನೀರು ಮಾತ್ರ ಎಂದಿನಂತೆ ಹಡಗಿನಲ್ಲಿ ರಾಣಿಯ ತವರಿನಿಂದಲೇ ಬರುತ್ತಿತ್ತು.

ಮರುವಾರ ರಾಜಾಜ್ಞೆ ಹೊರಟಿತು: ಕೆರೆಯ ನೀರು ಕಹಿ ಎನ್ನುವ ನಾಲಿಗೆ ಯಾರ ಬಾಯಲ್ಲೇ ಇರಲಿ, ಅದು ವಿದೇಶಿ ನಾಲಿಗೆ. ಅಂಥವರು ಎಂಟು ದಿನಗಳೊಳಗೆ ಸ್ವದೇಶಕ್ಕೆ ಮರಳತಕ್ಕದ್ದು. ಆಯೋಗ ತೆರೆದ ನಾಲಿಗೆ ಪರೀಕ್ಷಾ ಕೇಂದ್ರದ ಮುಂದೆ ಊರಿಗೆ ಊರೇ ಅರ್ಜಿ ಹಿಡಿದು ಸಾಲು ನಿಂತಿತು.

ಪುಟ್ಟೀರಮ್ಮನ ಸರದಿ ಬಂತು. ಪಕ್ಕದಲ್ಲಿ ಮತ್ತೆ ಬಸುರಿಯಾದ ಸೊಸೆ. ಮುದುಕಿ ಲೋಟ ಎತ್ತಿ ಕುಡಿದು, ಅಧ್ಯಕ್ಷೆಯ ಮುಖವನ್ನೇ ನೋಡಿದಳು.

"ಕಹಿ ಐತೆ ಕಣವ್ವ. ನಿಮ್ಗೂ ಗೊತ್ತಲ್ಲ."

ಅಧ್ಯಕ್ಷೆ ತಲೆಯೆತ್ತಲಿಲ್ಲ. ಅರ್ಜಿಯ ಮೇಲೆ ಮೊಹರು ಬಿತ್ತು: ವಿದೇಶಿ.

"ಏಳು ತಲೆಮಾರಿಂದ ಇಲ್ಲೇ ಇದೀವಿ. ಸ್ವದೇಶ ಅಂದ್ರೆ ನಾ ಎಲ್ಲಿಗ್ ಹೋಗ್ಲವ್ವ?"

ಮಹಾರಾಣಿಯವರ ಉಚ್ಚಾರಣೆಯಲ್ಲಿ ಈಗ ಹೊರನಾಡಿನ ಸೋಂಕು ಲವಲೇಶವೂ ಉಳಿದಿರಲಿಲ್ಲ.

"ಮುಂದಿನವರು ಬನ್ನಿ," ಎಂದರು.